ಐದು ತಿಂಗಳ ಕೆಲಸಕ್ಕೆ ಒಂದು ಕಂಪನಿಯೇ? ಬ್ರಿಟನ್ನಿನಲ್ಲಿ ಗುತ್ತಿಗೆ ಹಿಡಿಯುವ ಮೊದಲು

ಏಜೆಂಟರು ಫೋನ್ ಮಾಡಿ, ದಿನಕ್ಕೆ ಇಷ್ಟು ಪೌಂಡ್, ಐದು ತಿಂಗಳು, ವಾರಕ್ಕೆ ಎರಡು ದಿನ ಕಚೇರಿಗೆ ಬರಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕೊನೆಗೆ ಒಂದು ಪ್ರಶ್ನೆ: "ನೀವು ಲಿಮಿಟೆಡ್ಡೋ, ಅಂಬ್ರೆಲಾವೋ?" ಮೊದಲ ಸಲ ಇದನ್ನು ಕೇಳಿದಾಗ ನಾನು ಕಿಟಕಿಯಾಚೆ ನೋಡಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಈ ಮನುಷ್ಯನಿಗೆ ನನ್ನ ಕೊಡೆಯ ಚಿಂತೆ ಏಕೆ ಎಂದುಕೊಂಡೆ.

ಲಿಮಿಟೆಡ್ ಎಂದರೆ ಸ್ವಂತ ಕಂಪನಿ, ಅಂಬ್ರೆಲಾ ಎಂದರೆ ಗುತ್ತಿಗೆದಾರರನ್ನು ನೌಕರರನ್ನಾಗಿ ಇಟ್ಟುಕೊಂಡು ಸಂಬಳ ಕೊಡುವ ಬೇರೆಯವರ ಕಂಪನಿ ಎಂದು ಅರ್ಥವಾದ ಮೇಲೆ ಅದೇ ರಾತ್ರಿ ಕಂಪನಿ ತೆರೆದೆ. ಆಗ ಆನ್‌ಲೈನ್ ನೋಂದಣಿಗೆ ಬರೀ 12 ಪೌಂಡ್. ಕೆಲಸ ನಾಲ್ಕು ತಿಂಗಳಿಗೆ ಮುಗಿಯಿತು. ಕಂಪನಿ ಮಾತ್ರ ಮುಗಿಯಲಿಲ್ಲ. ಅದರ ಲೆಕ್ಕಪತ್ರ ಸಲ್ಲಿಸುವ ತಾರೀಕನ್ನು ನಾನು ಮರೆತದ್ದರಿಂದ 150 ಪೌಂಡ್ ದಂಡ ಬಿತ್ತು. ಆ ಹೊತ್ತಿಗೆ ಕಂಪನಿಯ ಬ್ಯಾಂಕ್ ಖಾತೆಯಲ್ಲಿದ್ದದ್ದು 212 ಪೌಂಡ್. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಕಲಿತದ್ದು ಹೀಗೆ. ಇಂಗ್ಲೆಂಡಿನಲ್ಲಿ ಮೊದಲ ಗುತ್ತಿಗೆಯ ಹೊಸ್ತಿಲಲ್ಲಿ ನಿಂತಿರುವ ಕನ್ನಡಿಗರು ಕಂಪನಿ ತೆರೆಯಬೇಕೋ, ಸ್ವಂತ ಹೆಸರಿನಲ್ಲೇ ಸೋಲ್ ಟ್ರೇಡರ್ ಆಗಿ ದುಡಿಯಬೇಕೋ ಎಂಬ ಪ್ರಶ್ನೆ ಹಿಡಿದು ಆಗಾಗ ಕರೆ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಅನುಕ್ರಮವಾಗಿ ಬರೆದಿದ್ದೇನೆ.

ಎರಡು ಮಾತಿನಲ್ಲಿ ವ್ಯತ್ಯಾಸ ಇಷ್ಟು. ಸೋಲ್ ಟ್ರೇಡರ್ ಎಂದರೆ ನೀವೇ ಅಂಗಡಿ, ನೀವೇ ಯಜಮಾನ. ಬಂದ ದುಡ್ಡೂ ನಿಮ್ಮದು, ಆದ ಸಾಲವೂ ನಿಮ್ಮದು. ಲಿಮಿಟೆಡ್ ಕಂಪನಿ ಎಂದರೆ ಕಾನೂನಿನ ಲೆಕ್ಕದಲ್ಲಿ ಬೇರೆಯೇ ಒಬ್ಬ ವ್ಯಕ್ತಿ. ನೀವು ಅದರ ನಿರ್ದೇಶಕರು, ಷೇರುದಾರರು, ಜೊತೆಗೆ ಅದರ ಏಕೈಕ ನೌಕರರು. ಆ ವ್ಯಕ್ತಿಯ ಜೇಬಿನ ಹಣ ನಿಮ್ಮ ಹಣವಲ್ಲ. ಈ ಒಂದು ವಾಕ್ಯವನ್ನು ಮರೆತವರೇ ಮುಂದೆ ಹೆಚ್ಚು ತೊಂದರೆ ಅನುಭವಿಸುವುದು.

1. ಮೊದಲು ವೀಸಾ ಷರತ್ತು ಓದಿ

ತೆರಿಗೆಯ ಲೆಕ್ಕ ಆಮೇಲೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ಪ್ರಾಯೋಜಕ ಸಂಸ್ಥೆಯ ಕೆಲಸಕ್ಕೆ ಬಂದವರು. ಅದನ್ನು ಬಿಟ್ಟು ಸ್ವಂತ ಹೆಸರಿನಲ್ಲೋ ಸ್ವಂತ ಕಂಪನಿಯ ಹೆಸರಿನಲ್ಲೋ ಗುತ್ತಿಗೆ ಹಿಡಿಯಲು ಆ ವೀಸಾ ದಾರಿಯಲ್ಲ. ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ ಉದ್ಯೋಗವೇ ನಿಷಿದ್ಧ, ವಾರಕ್ಕೆ ಎರಡು ತಾಸಾದರೂ ಸರಿಯೇ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಪಡೆದವರು, ಸ್ಕಿಲ್ಡ್ ವರ್ಕರ್ ವೀಸಾ ಪಡೆದವರ ಪತಿ ಅಥವಾ ಪತ್ನಿ, ಕಾಯಂ ವಾಸದ ಅನುಮತಿ ಇರುವವರು, ಬ್ರಿಟಿಷ್ ಪೌರರು, ಇವರಿಗೆ ಎರಡೂ ದಾರಿ ತೆರೆದಿವೆ. ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ಗಂಡನೋ ಹೆಂಡತಿಯೋ ಡಿಪೆಂಡೆಂಟ್ ಎಂಬ ಹೆಸರು ಹೊತ್ತು ಕೆಲಸ ಹುಡುಕುತ್ತಿರುತ್ತಾರೆ. ಆ ಹೆಸರು ಕೇಳಲು ಹೇಗೇ ಇರಲಿ, ಈ ವಿಷಯದಲ್ಲಿ ಅವರಿಗೆ ಪ್ರಾಯೋಜಿತ ಸಂಗಾತಿಗಿಂತ ಹೆಚ್ಚಿನ ಸ್ವಾತಂತ್ರ್ಯವಿದೆ.

2. ದುಡ್ಡು ಕೊಡುವವರು ಯಾರು ಎಂದು ಕೇಳಿ

ಅರ್ಧಕ್ಕರ್ಧ ಜನರಿಗೆ ನಿರ್ಧಾರ ಇಲ್ಲೇ ಆಗಿಬಿಡುತ್ತದೆ. ತೆರಿಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯಿಂದ ಶುರು ಮಾಡುವವರು ಈ ಹೆಜ್ಜೆಯನ್ನು ಹಾರಿಸಿ ಆಮೇಲೆ ವಾಪಸ್ ಬರುತ್ತಾರೆ.

ಕೆಲಸ ಏಜೆನ್ಸಿ ಮೂಲಕ ಬಂದಿದ್ದರೆ ಸೋಲ್ ಟ್ರೇಡರ್ ಆಗಿ ಸೇರುತ್ತೇನೆಂದು ಹೇಳಿ ನೋಡಿ, ಆ ಕಡೆ ಒಂದು ಕ್ಷಣ ಮೌನ. ಕಾರಣ ಅವರ ಹಟವಲ್ಲ, ತೆರಿಗೆ ಕಾಯಿದೆ. ಏಜೆನ್ಸಿ ಒಬ್ಬ ವ್ಯಕ್ತಿಯನ್ನು ನೇರವಾಗಿ ಕಳುಹಿಸಿದಾಗ, ಆ ವ್ಯಕ್ತಿ ಕೆಲಸ ಮಾಡುವ ರೀತಿಯ ಮೇಲೆ ಯಾರಾದರೂ ಮೇಲ್ವಿಚಾರಣೆ, ನಿರ್ದೇಶನ ಅಥವಾ ನಿಯಂತ್ರಣ ಇಟ್ಟುಕೊಂಡಿದ್ದರೆ, ಅವರನ್ನು ನೌಕರರಂತೆ ಕಂಡು ತೆರಿಗೆ ಕಡಿತ ಮಾಡುವ ಹೊಣೆ ಏಜೆನ್ಸಿಯದು. ತಪ್ಪಿದರೆ ಬಾಕಿಯೂ ಅವರದೇ ತಲೆಗೆ. ಹಾಗಾಗಿ ಅವರು ನಡುವೆ ಒಂದು ಕಂಪನಿ ಬೇಕೆನ್ನುತ್ತಾರೆ: ನಿಮ್ಮದಾದರೆ ಲಿಮಿಟೆಡ್, ಬೇರೆಯವರದಾದರೆ ಅಂಬ್ರೆಲಾ.

ಕೆಲಸ ನೇರವಾಗಿ ಗ್ರಾಹಕರಿಂದ ಬಂದಿದ್ದರೆ ಚಿತ್ರವೇ ಬೇರೆ. ಹತ್ತು ಜನರ ವಿನ್ಯಾಸ ಸಂಸ್ಥೆ, ಊರಿನ ದಂತವೈದ್ಯರ ಕ್ಲಿನಿಕ್, ಯಾವುದೋ ಟ್ರಸ್ಟ್, ಇಂಥವರಿಗೆ ನೀವು ಬಿಲ್ ಕೊಟ್ಟು ಕೆಲಸ ಒಪ್ಪಿಸಿದರೆ ಸಾಕು. ಅಲ್ಲಿ ಸೋಲ್ ಟ್ರೇಡರ್ ಆಗಿರುವುದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಇನ್ನು ಅಂಬ್ರೆಲಾ. ಇದನ್ನು ಕೀಳಾಗಿ ಕಾಣುವ ವಾಡಿಕೆ ಇದೆ; ಮೂರು ತಿಂಗಳ ಕೆಲಸಕ್ಕೆ ಇದು ಎಷ್ಟೋ ಸಲ ಸರಿಯಾದ ಉತ್ತರ. ಅಂಬ್ರೆಲಾ ಕಂಪನಿ ನಿಮ್ಮನ್ನು ನೌಕರರನ್ನಾಗಿ ಮಾಡಿಕೊಂಡು, ತೆರಿಗೆ ಹಿಡಿದು, ಸಂಬಳ ಕೊಡುತ್ತದೆ. ಆದರೆ ಏಜೆಂಟರು ಹೇಳಿದ ದಿನದ ದರ ಸಂಬಳವಲ್ಲ. ಅದರೊಳಗಿಂದಲೇ ಉದ್ಯೋಗದಾತರು ಕಟ್ಟಬೇಕಾದ 15% ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ, ಭತ್ಯೆಗಳಿಗೆಂದು ಸರ್ಕಾರಕ್ಕೆ ಕಟ್ಟುವ ವಂತಿಗೆ), ಕೆಲಸಗಾರರ ತರಬೇತಿಗೆಂದು ಹಿಡಿಯುವ 0.5% ಅಪ್ರೆಂಟಿಸ್‌ಷಿಪ್ ಲೆವಿ, ಅಂಬ್ರೆಲಾದವರ ಕಮಿಷನ್ ಎಲ್ಲ ಹೋಗಿ, ಉಳಿದದ್ದು ನಿಮ್ಮ ಸಂಬಳ. ಅದರ ಮೇಲೆ ಮತ್ತೆ ನಿಮ್ಮ ಪಾಲಿನ ತೆರಿಗೆ. ರಜೆಯ ಸಂಬಳವೂ ಆ ದರದಿಂದಲೇ ತೆಗೆದಿಟ್ಟದ್ದು. ಏಜೆನ್ಸಿ ಇದನ್ನೆಲ್ಲ ಬಿಡಿಸಿ ತೋರಿಸುವ ಮುಖ್ಯ ಮಾಹಿತಿ ಪತ್ರವನ್ನು ಮೊದಲೇ ಕೊಡಬೇಕೆಂದು 2020ರ ಏಪ್ರಿಲ್‌ನಿಂದ ನಿಯಮವಿದೆ. ಅದನ್ನು ಕೇಳಿ ಪಡೆಯಿರಿ, ಫೋನಿನಲ್ಲಿ ಹೇಳಿದ ಅಂಕಿಯ ಪಕ್ಕದಲ್ಲಿಟ್ಟು ಓದಿ.

ಮತ್ತೊಂದು ಎಚ್ಚರಿಕೆ. ಬಿಲ್ಲಿನ ಶೇಕಡಾ 85 ನಿಮ್ಮ ಕೈಗೆ ಎಂದು ಯಾವ ಅಂಬ್ರೆಲಾ ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಸಂಬಳದ ಒಂದು ಭಾಗವನ್ನು ಸಾಲ ಎಂದೋ ಮುಂಗಡ ಎಂದೋ ಹೆಸರಿಟ್ಟು ಕೊಡುವ ಇಂಥ ಯೋಜನೆಗಳಿಗೆ ಸೇರಿದ್ದವರ ಮೇಲೆ 2019ರಲ್ಲಿ ಲೋನ್ ಚಾರ್ಜ್ ಎಂಬ ತೆರಿಗೆ ಬಂದು ಬಿತ್ತು. ಯೋಜನೆ ಮಾರಿದವರು ಆ ವೇಳೆಗೆ ಅಂಗಡಿ ಕಟ್ಟಿಕೊಂಡು ಹೋಗಿದ್ದರು. ನೋಟಿಸ್ ಬಂದದ್ದು ಕೆಲಸ ಮಾಡಿದವರ ಮನೆಗೆ. 2026ರ ಏಪ್ರಿಲ್‌ನಿಂದ ಅಂಬ್ರೆಲಾ ಕಟ್ಟದೆ ಬಿಟ್ಟ ವೇತನ ತೆರಿಗೆಗೆ ಏಜೆನ್ಸಿಯನ್ನೂ ಹೊಣೆ ಮಾಡಲಾಗಿದೆ. ಆದ್ದರಿಂದ ಏಜೆನ್ಸಿಗಳೇ ಈಗ ತಮ್ಮ ಪಟ್ಟಿಯಲ್ಲಿರುವ ಅಂಬ್ರೆಲಾಗಳನ್ನು ಮಾತ್ರ ಒಪ್ಪುವ ಕಡೆಗೆ ವಾಲಿವೆ.

3. ಐಆರ್ 35ರ ಒಳಗೋ ಹೊರಗೋ

ಗುತ್ತಿಗೆದಾರರು ನಾಲ್ಕು ಜನ ಸೇರಿದ ಕಡೆ ಈ ಹೆಸರು ಕೇಳಿಬರದೆ ಇರದು. 1999ರಲ್ಲಿ ತೆರಿಗೆ ಇಲಾಖೆ ಹೊರಡಿಸಿದ ಒಂದು ಪತ್ರಿಕಾ ಪ್ರಕಟಣೆಯ ಸಂಖ್ಯೆಯೇ ಹೆಸರಾಗಿ ಉಳಿಯಿತು. ನಿಯಮ ಜಾರಿಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. ತಿರುಳು ಸರಳ: ನಡುವೆ ಕಂಪನಿ ಇಲ್ಲದಿದ್ದರೆ ನೀವು ಆ ಸಂಸ್ಥೆಯ ನೌಕರರಂತೆಯೇ ಕಾಣುತ್ತೀರಿ ಎಂದಾದರೆ, ತೆರಿಗೆಯನ್ನೂ ನೌಕರರಂತೆಯೇ ಕಟ್ಟಿ.

ಇದನ್ನು ತೀರ್ಮಾನಿಸುವವರು ಯಾರು ಎಂಬುದೇ ನಿಮಗೆ ಮುಖ್ಯ. ಸರ್ಕಾರಿ ಸಂಸ್ಥೆಗಳಲ್ಲಿ 2017ರಿಂದಲೂ, ದೊಡ್ಡ ಮತ್ತು ಮಧ್ಯಮ ಗಾತ್ರದ ಖಾಸಗಿ ಕಂಪನಿಗಳಲ್ಲಿ 2021ರ ಏಪ್ರಿಲ್ 6ರಿಂದಲೂ ಗ್ರಾಹಕರೇ ತೀರ್ಮಾನಿಸಿ ಲಿಖಿತವಾಗಿ ಕೊಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇದನ್ನೆಲ್ಲ ರದ್ದು ಮಾಡುವುದಾಗಿ ಹಣಕಾಸು ಸಚಿವರು ಘೋಷಿಸಿದರು. ಮೂರುನಾಲ್ಕು ವಾರಗಳಲ್ಲಿ ಸಚಿವರು ಬದಲಾದರು, ಘೋಷಣೆಯೂ ಹೋಯಿತು. ಆ ಮೂರು ವಾರಗಳಲ್ಲಿ ಹೊಸ ಕಂಪನಿ ತೆರೆಯಲು ಓಡಿದವರು ನನಗೆ ಗೊತ್ತು. ಗ್ರಾಹಕರು ಸಣ್ಣ ಕಂಪನಿಯಾಗಿದ್ದರೆ ತೀರ್ಮಾನವೂ ನಿಮ್ಮ ಕಂಪನಿಯದು, ತಪ್ಪಾದರೆ ಬಾಕಿಯೂ ನಿಮ್ಮ ಕಂಪನಿಯದು. ತಾವು ಸಣ್ಣವರೋ ಅಲ್ಲವೋ ಎಂದು ನೀವು ಕೇಳಿದರೆ ಅವರು 45 ದಿನದೊಳಗೆ ಹೇಳಲೇಬೇಕು.

ಒಳಗೆ ಎಂದು ತೀರ್ಮಾನವಾದರೆ ನಿಮ್ಮ ಕಂಪನಿಗೆ ಬರುವ ಹಣ ತೆರಿಗೆ ಕಳೆದೇ ಬರುತ್ತದೆ. ಸಂಬಳ ಇಷ್ಟು, ಷೇರುದಾರರಾಗಿ ಪಡೆಯುವ ಡಿವಿಡೆಂಡ್ ಇಷ್ಟು ಎಂದು ಹೊಂದಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಕಂಪನಿಯ ಖರ್ಚು ಮಾತ್ರ ಉಳಿಯುತ್ತದೆ. ಅಂಥ ಗುತ್ತಿಗೆಗೆ ಹೊಸದಾಗಿ ಕಂಪನಿ ತೆರೆಯುವುದು ಶುದ್ಧ ದಂಡ. ಅಂಬ್ರೆಲಾಗೇ ಸೇರಿಕೊಳ್ಳಿ.

ಹೊರಗೆ ಎಂದಾಗಲೂ ಒಪ್ಪಂದವನ್ನು ಬೆರಳಿಟ್ಟು ಓದಿ. ಮೂರು ಸಂಗತಿ ಹುಡುಕಿ. ನೀವು ಹೇಗೆ, ಯಾವಾಗ, ಎಲ್ಲಿ ಕೆಲಸ ಮಾಡಬೇಕೆಂದು ಅವರು ಹೇಳುತ್ತಾರೆಯೇ? ನಿಮ್ಮ ಬದಲಿಗೆ ಅರ್ಹರಾದ ಬೇರೊಬ್ಬರನ್ನು ಕಳುಹಿಸುವ ಹಕ್ಕು ನಿಜವಾಗಿಯೂ ಇದೆಯೇ? ಕೆಲಸ ಇಲ್ಲದ ದಿನವೂ ಅವರು ಕೊಡಲೇಬೇಕು, ನೀವು ಮಾಡಲೇಬೇಕು ಎಂಬ ಪರಸ್ಪರ ಬಾಧ್ಯತೆ ಇದೆಯೇ? ಕಾಗದದಲ್ಲಿ ಏನೇ ಇರಲಿ, ಬೆಳಿಗ್ಗೆ ಒಂಬತ್ತೂವರೆಗೆ ತಂಡದ ಸಭೆಗೆ ಹಾಜರಾಗಿ, ರಜೆಗೆ ಮ್ಯಾನೇಜರ ಅನುಮತಿ ಕೇಳಿ, ಅವರದೇ ಲ್ಯಾಪ್‌ಟಾಪಿನಲ್ಲಿ, ಅವರು ಕೊಟ್ಟ ಯಾವ ಕೆಲಸವನ್ನಾದರೂ ಮಾಡುತ್ತಿದ್ದರೆ ಬದಲಿ ಕಳುಹಿಸುವ ಹಕ್ಕಿನ ಆ ಒಂದು ಸಾಲು ನಿಮ್ಮನ್ನು ಕಾಪಾಡುವುದು ಕಷ್ಟ. ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೀವು ಒಳಗೋ ಹೊರಗೋ ಎಂದು ಅಂದಾಜು ಹೇಳುವ ಸೆಸ್ಟ್ ಎಂಬ ಪ್ರಶ್ನಾವಳಿ ಇದೆ. ಅದರ ಬಗ್ಗೆ ತಕರಾರುಗಳು ಬೇಕಾದಷ್ಟಿವೆ. ಆದರೂ ಪ್ರಾಮಾಣಿಕವಾಗಿ ತುಂಬಿ, ಫಲಿತಾಂಶವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಸೋಲ್ ಟ್ರೇಡರ್‌ಗೆ ಐಆರ್ 35 ತಗಲುವುದಿಲ್ಲ, ಏಕೆಂದರೆ ನಡುವೆ ಕಂಪನಿಯೇ ಇಲ್ಲ. ಹಾಗೆಂದು ಪ್ರಶ್ನೆ ಮಾಯವಾಗುವುದಿಲ್ಲ: ನೀವು ನಿಜಕ್ಕೂ ನೌಕರರೇ ಎಂದು ಇಲಾಖೆ ಹೇಳಬಹುದು, ಆಗ ಬಾಕಿಯ ಭಾರ ಮುಖ್ಯವಾಗಿ ಗ್ರಾಹಕರ ಮೇಲೆ. ದೊಡ್ಡ ಕಂಪನಿಗಳು ಸೋಲ್ ಟ್ರೇಡರ್ ಎಂದರೆ ಹಿಂಜರಿಯುವುದು ಈ ಕಾರಣಕ್ಕೆ.

4. ಈಗ ಕಾಗದ ಪೆನ್ನು ತೆಗೆದುಕೊಳ್ಳಿ

ಕಂಪನಿ ತೆರೆದರೆ ತೆರಿಗೆ ಉಳಿಯುತ್ತದೆ ಎಂಬ ಮಾತು ಹತ್ತು ಹದಿನೈದು ವರ್ಷದ ಹಿಂದಿನದು. ಡಿವಿಡೆಂಡ್ ಮೇಲಿನ ತೆರಿಗೆ ಮೆಲ್ಲಮೆಲ್ಲನೆ ಏರಿ, ವಿನಾಯಿತಿ 500 ಪೌಂಡಿಗೆ ಇಳಿದು, ಉದ್ಯೋಗದಾತರ ನ್ಯಾಷನಲ್ ಇನ್ಶೂರೆನ್ಸ್ 2025ರ ಏಪ್ರಿಲ್‌ನಿಂದ 15 ಶೇಕಡಾ ಆಗಿ, ಲೆಕ್ಕ ತಲೆಕೆಳಗಾಗಿದೆ. ರೆಡಿಂಗ್‌ನಲ್ಲಿರುವ ಸ್ನೇಹಿತನ ಪತ್ನಿಗೆ ನಾನು ಅಡುಗೆಮನೆಯ ಮೇಜಿನ ಮೇಲೆ ಬರೆದುಕೊಟ್ಟ ಲೆಕ್ಕ ಇದು. 2026ರ ಏಪ್ರಿಲ್ 6ರಿಂದ ಶುರುವಾದ ತೆರಿಗೆ ವರ್ಷದ ದರಗಳು. ವರ್ಷದಲ್ಲಿ ಬೇರೆ ಆದಾಯ ಇಲ್ಲ. ಸಣ್ಣ ಸಂಸ್ಥೆಯೊಂದರಿಂದ ನೇರವಾಗಿ ಬಂದ ಡೇಟಾ ವಿಶ್ಲೇಷಣೆಯ ಕೆಲಸ, 90 ದಿನ, ದಿನಕ್ಕೆ 300 ಪೌಂಡ್. ಒಟ್ಟು 27,000. ವಿಮೆ, ಸಾಫ್ಟ್‌ವೇರ್, ಪ್ರಯಾಣಕ್ಕೆ 1,000 ಕಳೆದು 26,000.

ಸೋಲ್ ಟ್ರೇಡರ್ ಆದರೆ: ಮೊದಲ 12,570ಕ್ಕೆ ತೆರಿಗೆ ಇಲ್ಲ. ಉಳಿದ 13,430ರ ಮೇಲೆ 20% ಆದಾಯ ತೆರಿಗೆ, ಅಂದರೆ 2,686. ಅದೇ ಮೊತ್ತದ ಮೇಲೆ, ಸ್ವಯಂ ಉದ್ಯೋಗಿಗಳು ಕಟ್ಟುವ ಕ್ಲಾಸ್ 4 ನ್ಯಾಷನಲ್ ಇನ್ಶೂರೆನ್ಸ್ 6%, ಅಂದರೆ 806. ಕೈಯಲ್ಲಿ ಉಳಿಯುವುದು ಸುಮಾರು 22,508.

ಕಂಪನಿ ಆದರೆ: ಅಕೌಂಟೆಂಟ್ ಮತ್ತು ಶುಲ್ಕಗಳಿಗೆ 1,200 ಎಂದು ಇಟ್ಟುಕೊಂಡೆವು. ತನಗೆ ತಾನೇ 12,570 ಸಂಬಳ. ಅದರಲ್ಲಿ 5,000 ಮೀರಿದ ಭಾಗಕ್ಕೆ ಕಂಪನಿ 15% ಕಟ್ಟಬೇಕು, 1,135. ಇದಕ್ಕೆ ಸಣ್ಣ ಉದ್ಯೋಗದಾತರಿಗೆ ಸಿಗುವ ರಿಯಾಯಿತಿ, ನಿರ್ದೇಶಕರೊಬ್ಬರೇ ನೌಕರರಾಗಿರುವ ಕಂಪನಿಗೆ ಇಲ್ಲ. ಉಳಿದ ಲಾಭ ಸುಮಾರು 11,095. ಅದರ ಮೇಲೆ 19% ಕಾರ್ಪೊರೇಷನ್ ತೆರಿಗೆ 2,108. ಬಾಕಿ 8,987 ಡಿವಿಡೆಂಡ್. ಅದರಲ್ಲಿ 500 ಬಿಟ್ಟು ಉಳಿದದ್ದಕ್ಕೆ 10.75%, ಅಂದರೆ 912. ಕೊನೆಗೆ ಕೈಗೆ ಬಂದದ್ದು 20,644.

ಅಂದರೆ ಕಂಪನಿ ತೆರೆದರೆ ಹದಿನೆಂಟುನೂರು ಪೌಂಡಿಗೂ ಹೆಚ್ಚು ನಷ್ಟ. ಅಕೌಂಟೆಂಟೇ ಬೇಡ, ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ ಎಂದರೂ ಸಾವಿರದಷ್ಟು ಕಡಿಮೆಯೇ. ಆಕೆ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. "ಹಾಗಾದರೆ ಎಲ್ಲರೂ ಏಕೆ ಕಂಪನಿ ತೆರೆಯುತ್ತಾರೆ?" ಎಂದು ಕೇಳಿದರು.

ಸ್ಕಾಟ್ಲೆಂಡ್‌ನಲ್ಲಿ ವಾಸವಿರುವವರಿಗೆ ಆದಾಯ ತೆರಿಗೆಯ ಹಂತಗಳು ಬೇರೆ. ಲೆಕ್ಕವನ್ನು ಅಲ್ಲಿನ ದರದಲ್ಲಿ ಮಾಡಿ. ಬೆಂಗಳೂರಿನಲ್ಲಿ ಸ್ವತಂತ್ರ ಕನ್ಸಲ್ಟೆಂಟ್ ಆಗಿದ್ದು ಬಂದವರಿಗೆ ಇನ್ನೊಂದು ಮಾತು. ಅಲ್ಲಿ ಒಟ್ಟು ಸ್ವೀಕೃತಿಯ ಅರ್ಧವನ್ನು ಲಾಭವೆಂದು ಘೋಷಿಸಿ ಕೈತೊಳೆದುಕೊಳ್ಳುವ ಸೌಲಭ್ಯ ಇದೆಯಲ್ಲ, ಅಂಥದ್ದು ಇಲ್ಲಿಲ್ಲ. ಖರ್ಚಿಗೆ ರಸೀದಿ ಬೇಕು, ಇಲ್ಲವೇ ವರ್ಷಕ್ಕೆ 1,000 ಪೌಂಡಿನ ಟ್ರೇಡಿಂಗ್ ಅಲವೆನ್ಸ್ ತೆಗೆದುಕೊಂಡು ಸುಮ್ಮನಾಗಬೇಕು.

5. ಆದರೂ ಕಂಪನಿಯೇ ಸರಿ ಎನಿಸುವ ಸಂದರ್ಭಗಳು

ಆಕೆಯ ಪ್ರಶ್ನೆಗೆ ಒಂದು ಉತ್ತರ ಮೇಲೆಯೇ ಇದೆ: ಏಜೆನ್ಸಿ ಬೇಡುತ್ತದೆ. ಇನ್ನೊಂದು ಉತ್ತರ, ಹಣವನ್ನು ಯಾವ ವರ್ಷ ಹೊರಗೆ ತೆಗೆಯಬೇಕೆಂಬ ಹಿಡಿತ. ಸೋಲ್ ಟ್ರೇಡರ್‌ನ ಲಾಭ ಆದ ವರ್ಷವೇ ತೆರಿಗೆಗೆ ಬರುತ್ತದೆ, ನೀವು ಖರ್ಚು ಮಾಡಿರಲಿ ಬಿಡಲಿ. ಕಂಪನಿಯ ಲಾಭ 19% ಕಟ್ಟಿ ಒಳಗೇ ಕುಳಿತಿರಬಹುದು.

ಇದು ಯಾರಿಗೆ ಉಪಯೋಗ? ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸಂಬಳದ ಕೆಲಸದಲ್ಲಿ 48,000 ಗಳಿಸಿ, ಡಿಸೆಂಬರ್‌ನಲ್ಲಿ ಗುತ್ತಿಗೆಗೆ ಇಳಿದವರನ್ನು ನೆನೆಸಿಕೊಳ್ಳಿ. ಅವರ ತೆರಿಗೆರಹಿತ ಮಿತಿ ಖರ್ಚಾಗಿದೆ, 20 ಶೇಕಡಾದ ಪಟ್ಟಿ 50,270ಕ್ಕೆ ಮುಗಿಯುತ್ತದೆ. ಮುಂದಿನ ಪ್ರತಿ ಪೌಂಡಿಗೆ 40 ಪೆನ್ಸ್ ತೆರಿಗೆ, ಅದರ ಮೇಲೆ ನ್ಯಾಷನಲ್ ಇನ್ಶೂರೆನ್ಸ್. ಅದೇ ಹಣ ಕಂಪನಿಯಲ್ಲಿದ್ದು, ಮುಂದಿನ ವರ್ಷ ಅವರು ಮಗುವಿನ ಆರೈಕೆಗೆಂದೋ ಊರಿಗೆ ಹೋಗಲೆಂದೋ ಕೆಲಸ ಬಿಟ್ಟರೆ, ಆಗ ಕಡಿಮೆ ದರದಲ್ಲಿ ಹೊರತೆಗೆಯಬಹುದು. ದಿನದ ದರ ದೊಡ್ಡದಿದ್ದು ಒಂದಾದ ಮೇಲೊಂದು ಗುತ್ತಿಗೆ ಬರುವ ಭರವಸೆ ಇರುವವರಿಗೂ, ಕಂಪನಿಯಿಂದ ನೇರವಾಗಿ ಪಿಂಚಣಿಗೆ ಹಣ ಹಾಕಬೇಕೆನ್ನುವವರಿಗೂ ಇದೇ ಮಾತು. ತಿಂಗಳ ಕೊನೆಗೆ ಬಂದದ್ದೆಲ್ಲ ಮನೆ ಬಾಡಿಗೆಗೆ, ಮಕ್ಕಳ ನರ್ಸರಿಗೆ ಬೇಕು ಎನ್ನುವವರಿಗೆ ಈ ಲಾಭ ಬರೀ ಪುಸ್ತಕದ್ದು.

ಹೊಣೆಯ ಮಿತಿಯ ವಿಷಯವನ್ನು ಎಲ್ಲರೂ ಮೊದಲು ಹೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. ಕಂಪನಿ ಮುಳುಗಿದರೆ ಮನೆ ಉಳಿಯುತ್ತದೆ ಎಂಬುದು ತತ್ತ್ವದಲ್ಲಿ ನಿಜ. ಆದರೆ ಸರಕು ಕೊಳ್ಳದ, ಸಾಲ ಮಾಡದ, ಮೇಜಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿ ಅಪಾಯವೆಂದರೆ ನಿಮ್ಮ ತಪ್ಪಿನಿಂದ ಗ್ರಾಹಕರಿಗೆ ಆದ ನಷ್ಟ. ಅದಕ್ಕೆ ವೃತ್ತಿಪರ ಹೊಣೆಗಾರಿಕೆ ವಿಮೆ ಇದೆ, ಎರಡೂ ದಾರಿಯವರು ಮಾಡಿಸಲೇಬೇಕು. ಕಟ್ಟಡ, ವಿದ್ಯುತ್ ಕೆಲಸ, ಯಂತ್ರಗಳ ಜೋಡಣೆ ಇಂಥವುಗಳಲ್ಲಿ ಇರುವವರು ಮಾತ್ರ ಈ ಅಂಶಕ್ಕೆ ಹೆಚ್ಚು ತೂಕ ಕೊಡಬೇಕು.

ವ್ಯಾಟ್ ಇಬ್ಬರಿಗೂ ಒಂದೇ: ಹನ್ನೆರಡು ತಿಂಗಳ ವಹಿವಾಟು 90,000 ಪೌಂಡ್ ದಾಟಿದರೆ ನೋಂದಣಿ ಕಡ್ಡಾಯ.

6. ಸೋಲ್ ಟ್ರೇಡರ್ ಆಗುವುದಾದರೆ

ಕೆಲಸ ಶುರು ಮಾಡಲು ಯಾರ ಅನುಮತಿಯೂ ಬೇಡ. ವರ್ಷದ ವಹಿವಾಟು 1,000 ಪೌಂಡ್ ಮೀರಿದರೆ, ತೆರಿಗೆ ವರ್ಷ ಮುಗಿದ ನಂತರದ ಅಕ್ಟೋಬರ್ 5ರೊಳಗೆ, ನೀವೇ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟುವ ಸೆಲ್ಫ್ ಅಸೆಸ್‌ಮೆಂಟ್‌ಗೆ ನೋಂದಾಯಿಸಿಕೊಳ್ಳಬೇಕು. ಅಷ್ಟು ಕಾಯಬೇಡಿ. ಶುಲ್ಕವಿಲ್ಲ, ಹತ್ತು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಕಾನೂನು ಕೇಳದಿದ್ದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಪ್ರತಿ ಬಿಲ್ ಬಂದ ದಿನವೇ ಕಾಲು ಭಾಗವನ್ನು ಉಳಿತಾಯ ಖಾತೆಗೆ ದೂಡಿ. ಆ ಹಣ ನಿಮ್ಮದಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಮೇಲಿನ ಉದಾಹರಣೆಯಲ್ಲಿ ಕೆಲಸ 2026ರ ಅಕ್ಟೋಬರ್‌ನಲ್ಲಿ ಮುಗಿಯಿತು ಎನ್ನಿ. ತೆರಿಗೆ ಕಟ್ಟುವ ಕೊನೆಯ ದಿನ 2028ರ ಜನವರಿ 31. ಆ ದಿನ ಕೇಳುವುದು 3,492 ಅಲ್ಲ, 5,238! ಮುಂದಿನ ವರ್ಷವೂ ನೀವು ಇಷ್ಟೇ ಗಳಿಸುತ್ತೀರಿ ಎಂದು ಭಾವಿಸಿ ಅದರ ಅರ್ಧವನ್ನು ಮುಂಗಡವಾಗಿ, ಇನ್ನರ್ಧವನ್ನು ಜುಲೈ 31ಕ್ಕೆ ಕೇಳುತ್ತಾರೆ. ಬಾಕಿ 1,000 ಪೌಂಡ್ ಮೀರಿದವರಿಗೆ, ಬಹುಪಾಲು ತೆರಿಗೆ ಸಂಬಳದಲ್ಲೇ ಕಡಿತವಾಗದಿದ್ದರೆ, ಇದು ಬರುತ್ತದೆ. ಗುತ್ತಿಗೆ ಮುಗಿದು ಮತ್ತೆ ಆ ಕೆಲಸಕ್ಕೆ ಹೋಗಿಲ್ಲವೆಂದರೆ ಮುಂಗಡವನ್ನು ತಗ್ಗಿಸಿ ಎಂದು ಆನ್‌ಲೈನ್‌ನಲ್ಲೇ ಕೋರಬಹುದು. ಅಲ್ಪಾವಧಿ ಗುತ್ತಿಗೆಯವರು ಇದನ್ನು ಮರೆಯದೆ ಮಾಡಬೇಕು. ಆದರೆ ಸುಳ್ಳೇ ತಗ್ಗಿಸಿದರೆ ಬಡ್ಡಿ ಬೀಳುತ್ತದೆ.

ಅದೇ ರಿಟರ್ನ್‌ನಲ್ಲಿ ಮೈಸೂರಿನ ಮನೆಯ ಬಾಡಿಗೆ, ಭಾರತದ ಠೇವಣಿಯ ಬಡ್ಡಿ ಕೂಡ ಬರಬೇಕು. ಬ್ರಿಟನ್ನಿನ ನಿವಾಸಿಗೆ ಲೋಕದ ಆದಾಯವೆಲ್ಲ ಲೆಕ್ಕಕ್ಕೆ. ಹೊಸದಾಗಿ ಬಂದವರು ಮೊದಲ ನಾಲ್ಕು ವರ್ಷ ವಿದೇಶಿ ಆದಾಯಕ್ಕೆ ವಿನಾಯಿತಿ ಕೇಳಬಹುದು. ಆದರೆ ಕೇಳಿದ ವರ್ಷ 12,570ರ ತೆರಿಗೆರಹಿತ ಮಿತಿಯನ್ನು ಬಿಟ್ಟುಕೊಡಬೇಕು. ಸಣ್ಣ ಬಾಡಿಗೆಗೆ ಆ ವ್ಯಾಪಾರ ನಷ್ಟದ್ದು.

ಸ್ವಯಂ ಉದ್ಯೋಗ ಮತ್ತು ಬಾಡಿಗೆಯ ಒಟ್ಟು ಆದಾಯ, ಖರ್ಚು ಕಳೆಯುವ ಮೊದಲೇ, 50,000 ಮೀರಿದವರು 2026ರ ಏಪ್ರಿಲ್‌ನಿಂದ ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕ ವಿವರ ಕಳುಹಿಸಬೇಕಾಗಿದೆ. ಮಿತಿ 2027ಕ್ಕೆ 30,000ಕ್ಕೂ 2028ಕ್ಕೆ 20,000ಕ್ಕೂ ಇಳಿಯುತ್ತದೆ. ಹಳೆಯ ರಿಟರ್ನ್ ನೋಡಿ ಇದನ್ನು ಹೇರುವುದರಿಂದ ಮೊದಲ ವರ್ಷದವರಿಗೆ ತಲೆನೋವಿಲ್ಲ.

7. ಕಂಪನಿ ತೆರೆಯುವುದಾದರೆ

ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ನೋಂದಣಿ. ಶುಲ್ಕ 2024ರ ಮೇಯಲ್ಲಿ 12ರಿಂದ 50 ಪೌಂಡಿಗೆ ಜಿಗಿಯಿತು, ಆಮೇಲೂ ಏರಿದೆ. ಕಟ್ಟುವ ದಿನದ ದರ ನೋಡಿಕೊಳ್ಳಿ. 2025ರ ನವೆಂಬರ್ 18ರಿಂದ ನಿರ್ದೇಶಕರು ತಮ್ಮ ಗುರುತನ್ನು ಮೊದಲೇ ದೃಢಪಡಿಸಬೇಕು. ಮೊಬೈಲ್ ಆ್ಯಪ್ ಪಾಸ್‌ಪೋರ್ಟಿನ ಚಿಪ್ ಓದುತ್ತದೆ. ಚಿಪ್ ಇಲ್ಲದ ಹಳೆಯ ಭಾರತೀಯ ಪಾಸ್‌ಪೋರ್ಟನ್ನು ಫೋನಿನ ಬೆನ್ನಿಗೆ ಎಷ್ಟು ಸವರಿದರೂ ಪ್ರಯೋಜನವಿಲ್ಲ; ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಬಳಸಿ.

ನೋಂದಾಯಿತ ವಿಳಾಸ ಇಡೀ ಲೋಕಕ್ಕೆ ಕಾಣುತ್ತದೆ. ಬಾಡಿಗೆ ಮನೆಯ ವಿಳಾಸ ಕೊಡುವ ಮೊದಲು ಕರಾರುಪತ್ರ ಓದಿ, ಅಥವಾ ಅಕೌಂಟೆಂಟರ ವಿಳಾಸ ಬಳಸಲು ಕೇಳಿ. ಆಮೇಲೆ ಕಂಪನಿಯ ಹೆಸರಿನ ಬ್ಯಾಂಕ್ ಖಾತೆ, ವ್ಯವಹಾರ ಶುರುವಾದ ಮೂರು ತಿಂಗಳೊಳಗೆ ಕಾರ್ಪೊರೇಷನ್ ತೆರಿಗೆಗೆ ನೋಂದಣಿ, ಸಂಬಳ ತೆಗೆಯುವುದಾದರೆ ಉದ್ಯೋಗದಾತರಾಗಿ ಇನ್ನೊಂದು ನೋಂದಣಿ.

ತಾರೀಕುಗಳ ಸಿಕ್ಕು ಹೀಗಿದೆ. 2026ರ ಜೂನ್ 3ರಂದು ಕಂಪನಿ ತೆರೆದರೆ ಮೊದಲ ಲೆಕ್ಕದ ವರ್ಷ 2027ರ ಜೂನ್ 30ಕ್ಕೆ ಮುಗಿಯುತ್ತದೆ. ಅದು ಹನ್ನೆರಡು ತಿಂಗಳು ಮೀರುವುದರಿಂದ, ಮೊದಲ ದಿನದಿಂದಲೇ ವ್ಯವಹಾರ ನಡೆದಿದ್ದರೆ, ಕಾರ್ಪೊರೇಷನ್ ತೆರಿಗೆಗೆ ಒಂದರ ಬದಲು ಎರಡು ರಿಟರ್ನ್. ಲೆಕ್ಕಪತ್ರ ಕಂಪನೀಸ್ ಹೌಸ್‌ಗೆ ಬೇರೆ, ತೆರಿಗೆ ಇಲಾಖೆಗೆ ಬೇರೆ. ಜೊತೆಗೆ ಕಂಪನಿಯ ವಿವರಗಳು ಸರಿಯಾಗಿವೆ ಎಂದು ಹೇಳುವ ದೃಢೀಕರಣ ಪತ್ರ ವರ್ಷಕ್ಕೊಮ್ಮೆ, ಡಿವಿಡೆಂಡ್ ತೆಗೆದುಕೊಂಡಿದ್ದಕ್ಕೆ ನಿಮ್ಮ ಸ್ವಂತ ತೆರಿಗೆ ರಿಟರ್ನ್. ಲೆಕ್ಕಪತ್ರ ಒಂದು ದಿನ ತಡವಾದರೂ 150 ಪೌಂಡ್, ಒಂದು ತಿಂಗಳು ಮೀರಿದರೆ 375, ಮೂರು ತಿಂಗಳು ಮೀರಿದರೆ 750, ಆರು ಮೀರಿದರೆ 1,500.

ಕಂಪನಿಯ ಕಾರ್ಡ್‌ನಿಂದ ಮನೆಯ ದಿನಸಿ ಕೊಳ್ಳಬೇಡಿ. ಸಂಬಳವೂ ಅಲ್ಲದ, ಡಿವಿಡೆಂಡೂ ಅಲ್ಲದ ಹಣ ತೆಗೆದರೆ ಅದು ನಿರ್ದೇಶಕರ ಸಾಲ. ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ತೀರಿಸದಿದ್ದರೆ ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಂಪನಿ ತೆರಿಗೆಯಾಗಿ ಕಟ್ಟಿ ಇಡಬೇಕು. ಸಾಲ ತೀರಿದ ಮೇಲೆ ಅದು ವಾಪಸ್ ಬರುತ್ತದೆ, ಆದರೆ ಬಹಳ ನಿಧಾನವಾಗಿ.

ಬಿಲ್ ಕೊಟ್ಟವರು ದುಡ್ಡು ತಡಮಾಡಿದರೆ ಎರಡೂ ದಾರಿಯವರಿಗೆ ಒಂದೇ ಅಸ್ತ್ರ: ಬ್ಯಾಂಕ್ ಆಫ್ ಇಂಗ್ಲೆಂಡ್ ಮೂಲ ದರದ ಮೇಲೆ 8% ಬಡ್ಡಿ, ಮೇಲೆ ಬಿಲ್ಲಿನ ಗಾತ್ರ ನೋಡಿ 40, 70 ಅಥವಾ 100 ಪೌಂಡ್. ಬಿಲ್ಲಿನ ಕೆಳಗೆ ಇದನ್ನು ಸಣ್ಣದಾಗಿ ಬರೆದಿಡುವುದು ನನ್ನ ಅಭ್ಯಾಸ. ಒಮ್ಮೆಯೂ ವಸೂಲಿ ಮಾಡುವ ಸಂದರ್ಭ ಬಂದಿಲ್ಲ, ಆದರೆ ಬರೆಯಲು ಶುರು ಮಾಡಿದ ಮೇಲೆ ಹಣ ಬೇಗ ಬರತೊಡಗಿದೆ.

8. ಮುಚ್ಚುವ ದಿನವನ್ನು ತೆರೆಯುವ ದಿನವೇ ನೋಡಿ

ಸೋಲ್ ಟ್ರೇಡರ್ ಕೆಲಸ ನಿಲ್ಲಿಸಿದರೆ ಇಲಾಖೆಗೆ ತಿಳಿಸಿ, ಕೊನೆಯ ರಿಟರ್ನ್ ಹಾಕಿದರೆ ಮುಗಿಯಿತು.

ಕಂಪನಿಯನ್ನು ಪಟ್ಟಿಯಿಂದ ತೆಗೆಸಲು ಅರ್ಜಿ ಹಾಕಬೇಕಾದರೆ ಅದು ಹಿಂದಿನ ಮೂರು ತಿಂಗಳು ವ್ಯವಹಾರ ನಡೆಸಿರಬಾರದು. ಅರ್ಜಿ ಹಾಕಿದ ಮೇಲೆ ಗೆಜೆಟ್‌ನಲ್ಲಿ ಪ್ರಕಟಣೆ, ನಂತರ ಕನಿಷ್ಠ ಎರಡು ತಿಂಗಳು ಯಾರಾದರೂ ಆಕ್ಷೇಪಿಸುತ್ತಾರೆಯೇ ಎಂದು ಕಾಯುವುದು. ಎಲ್ಲ ಸುಸೂತ್ರವಾದರೆ ಐದು ತಿಂಗಳು. ಗುತ್ತಿಗೆಯೇ ಐದು ತಿಂಗಳಿನದಾಗಿತ್ತು!

ಮುಚ್ಚುವಾಗ ಉಳಿದ ಹಣ 25,000 ಪೌಂಡ್ ಒಳಗಿದ್ದರೆ ಅದನ್ನು ಡಿವಿಡೆಂಡ್ ಬದಲು ಬಂಡವಾಳ ಲಾಭವೆಂದು ತೋರಿಸುವ ಅವಕಾಶವಿದೆ. ಆದರೆ ತೆರಿಗೆ ತಪ್ಪಿಸಲೆಂದೇ ಹಾಗೆ ಮುಚ್ಚಿ, ಎರಡು ವರ್ಷದೊಳಗೆ ಅದೇ ಬಗೆಯ ಕೆಲಸವನ್ನು ಇನ್ನೊಂದು ಕಂಪನಿಯಲ್ಲೋ ಸ್ವಂತ ಹೆಸರಿನಲ್ಲೋ ಮತ್ತೆ ಶುರು ಮಾಡಿದರೆ ಇಲಾಖೆ ಅದನ್ನು ಡಿವಿಡೆಂಡ್ ಎಂದೇ ಎಣಿಸುತ್ತದೆ. ಮುಂದಿನ ಗುತ್ತಿಗೆ ಬಂದೇ ಬರುತ್ತದೆ ಎನ್ನುವವರು ಮುಚ್ಚುವ ಬದಲು ಕಂಪನಿಯನ್ನು ನಿದ್ರೆಗೆ ಹಾಕಿ, ವರ್ಷಕ್ಕೊಮ್ಮೆ ಸುಪ್ತ ಕಂಪನಿಯ ಲೆಕ್ಕಪತ್ರ ಸಲ್ಲಿಸುತ್ತಾ ಹೋಗಬಹುದು.

ಅರ್ಜಿಗೆ ಸಹಿ ಹಾಕುವ ಮುನ್ನ ಬಾಕಿ ತೆರಿಗೆಯನ್ನೆಲ್ಲ ತೀರಿಸಿ, ಕೊನೆಯ ರಿಟರ್ನ್ ಹಾಕಿ, ಬ್ಯಾಂಕ್ ಖಾತೆಯನ್ನು ಕೊನೆಯ ಪೆನ್ನಿಯವರೆಗೆ ಖಾಲಿ ಮಾಡಿ. ಕಂಪನಿ ಪಟ್ಟಿಯಿಂದ ಹೋದ ಕ್ಷಣ ಅದರ ಹೆಸರಿನಲ್ಲಿ ಏನಿದ್ದರೂ ಅದು ವಾರಸುದಾರರಿಲ್ಲದ ಸ್ವತ್ತಾಗಿ ಕ್ರೌನ್‌ನ, ಅಂದರೆ ಸರ್ಕಾರದ ಪಾಲಾಗುತ್ತದೆ. ನನ್ನ 212 ಪೌಂಡಿನಲ್ಲಿ ದಂಡ ಕಟ್ಟಿ 62 ಉಳಿದಿತ್ತು. ಅದನ್ನು ಹಿಂದಿನ ದಿನ ಸಂಜೆ ತೆಗೆದುಕೊಂಡೆ.